ಒಂದು ಗಂಟೆ, ಎರಡು ಸ್ವರ

ಹಿಡಿ ಇರುವ ಒಂದು ಪಿಂಗಾಣಿ ಕಾಫಿ ಕಪ್ಪು, ಒಂದು ಚಮಚ ತನ್ನಿ. (ಅತಿಥಿಗಳಿಗೆಂದು ಎತ್ತಿಟ್ಟ ಒಳ್ಳೆಯ ಸೆಟ್ಟಿನ ಕಪ್ಪು ಬೇಡ, ಬೈಗುಳ ತಿನ್ನುವವರು ನೀವೇ.) ಖಾಲಿ ಕಪ್ಪನ್ನು ಮೇಜಿನ ಮೇಲಿಟ್ಟು, ಹಿಡಿಯ ನೇರ ಎದುರಿಗಿರುವ ಅಂಚಿಗೆ ಮೆಲ್ಲಗೆ ತಟ್ಟಿ. ಟಿಣ್. ಆ ಸದ್ದು ಕಿವಿಯಲ್ಲಿರಲಿ. ಈಗ ಅಂಚಿನ ಗುಂಟ ವೃತ್ತದ ಎಂಟನೇ ಒಂದು ಪಾಲಿನಷ್ಟು ಪಕ್ಕಕ್ಕೆ ಸರಿದು ತಟ್ಟಿ. ಸದ್ದು ತುಸು ಏರಿತಲ್ಲವೇ? ಇನ್ನೂ ಅಷ್ಟೇ ಸರಿದು ತಟ್ಟಿದರೆ ಮತ್ತೆ ಮೊದಲಿನ ಸದ್ದೇ ಬರುತ್ತದೆ. ಕಪ್ಪು ಒಂದೇ, ಚಮಚ ಒಂದೇ, ಸದ್ದು ಮಾತ್ರ ಎರಡು.

ಇದೇ ಗುಟ್ಟನ್ನು ಹಿಡಿದು ಚೀನಾದ ಕಂಚುಗಾರರು ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಒಂದು ದೊಡ್ಡ ವಾದ್ಯವನ್ನೇ ಮಾಡಿದ್ದರು. ಅದು ನಮ್ಮ ಕಾಲದವರ ಕಣ್ಣಿಗೆ ಬಿದ್ದದ್ದು ಆಕಸ್ಮಿಕವಾಗಿ. 1977ರಲ್ಲಿ ಹೂಬೇ ಪ್ರಾಂತ್ಯದ ಸುಯ್‌ಝೌ ಬಳಿಯ ಲೇಗುದುನ್ ಎಂಬಲ್ಲಿ ಸೈನಿಕರು ಕಟ್ಟಡಕ್ಕಾಗಿ ಗುಡ್ಡವನ್ನು ಸಮ ಮಾಡುತ್ತಿದ್ದಾಗ ನೆಲದಡಿಯಲ್ಲಿ ಒಂದು ಸಮಾಧಿಯ ಸುಳಿವು ಸಿಕ್ಕಿತು. ಮರುವರ್ಷ ಪುರಾತತ್ವಜ್ಞರು ಅಗೆದು ನೋಡಿದರೆ ಮರದ ದಿಮ್ಮಿಗಳಿಂದ ಕಟ್ಟಿದ ಕೋಣೆಗಳ ತುಂಬ ನೀರು! ಪಂಪು ಹಚ್ಚಿ ನೀರನ್ನು ಹೊರಹಾಕುತ್ತಾ ಹೋದಂತೆ ಮೊದಲು ಮರದ ತೊಲೆಗಳು ಕಂಡವು, ಆಮೇಲೆ ಅವುಗಳಿಂದ ಸಾಲಾಗಿ ತೂಗುತ್ತಿದ್ದ ಗಂಟೆಗಳು. ಇಷ್ಟು ಕಾಲ ಗಾಳಿ ತಾಗದೆ ನೀರಲ್ಲಿ ಮುಳುಗಿದ್ದರಿಂದಲೇ ಆ ಮರ ಕುಂಬಾಗದೆ ಉಳಿದಿತ್ತು.

ಸಮಾಧಿ ಝೆಂಗ್ ಎಂಬ ಸಣ್ಣ ರಾಜ್ಯದ ಒಡೆಯ ಯಿ ಎಂಬವನದು. ಗಂಟೆಗಳು ಒಟ್ಟು 65. ಮೇಲಿನ ಸಾಲಿನಲ್ಲಿ 19, ನಡುವಿನ ಸಾಲಿನಲ್ಲಿ 33, ಕೆಳಗೆ 13. ಎಲ್ಲಕ್ಕೂ ಚಿಕ್ಕದು ಎರಡೂವರೆ ಕಿಲೋ ಕೂಡ ತೂಗುವುದಿಲ್ಲ. ದೊಡ್ಡದು 203 ಕಿಲೋಗೂ ಹೆಚ್ಚು, ಎತ್ತರ ಒಂದೂವರೆ ಮೀಟರು. ನಿಮ್ಮಲ್ಲಿ ಅನೇಕರಿಗಿಂತ ಎತ್ತರ! ಎಲ್ಲ ಗಂಟೆಗಳ ತೂಕ ಸೇರಿಸಿದರೆ ಸುಮಾರು 2,500 ಕಿಲೋ. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡ ಆರು ಕಂಚಿನ ಗೊಂಬೆ ಯೋಧರು ತೊಲೆಗಳನ್ನು ತಲೆ ಮತ್ತು ಕೈಗಳ ಮೇಲೆ ಹೊತ್ತು ನಿಂತಿದ್ದಾರೆ. ಅಷ್ಟು ಭಾರ ಹೊತ್ತೂ ಅವರ ಮುಖದಲ್ಲಿ ಒಂದಿಷ್ಟೂ ಸುಸ್ತಿಲ್ಲ.

ಇನ್ನು ಗಂಟೆಯ ಆಕಾರ. ನಮ್ಮ ದೇವಸ್ಥಾನದ ಗಂಟೆಯ ಬಾಯಿ ದುಂಡಗಿರುತ್ತದೆ. ಈ ಗಂಟೆಗಳದು ಹಾಗಲ್ಲ. ಬಾಗಿದ ಎರಡು ನಾಡಹೆಂಚುಗಳನ್ನು ಮುಖಾಮುಖಿಯಾಗಿ ಜೋಡಿಸಿ ಹಿಡಿದರೆ ಹೇಗಿರುತ್ತದೋ ಹಾಗೆ: ನಡುವೆ ಉಬ್ಬು, ಎರಡು ಪಕ್ಕದಲ್ಲೂ ಚೂಪಾದ ಏಣು. ಗಂಟೆಯ ಒಳಗೆ ನಾಲಗೆಯೂ ಇಲ್ಲ. ಹೊರಗಿನಿಂದ ಮರದ ಸುತ್ತಿಗೆಯಲ್ಲಿ ಹೊಡೆಯಬೇಕು. ಕೆಳಸಾಲಿನ ದೊಡ್ಡ ಗಂಟೆಗಳಿಗಂತೂ ಉದ್ದದ ಮರದ ಕಂಬವೇ ಬೇಕು.

ಗಂಟೆಗೆ ಪೆಟ್ಟು ಬಿದ್ದಾಗ ಏನಾಗುತ್ತದೆ? ಗಟ್ಟಿ ಕಂಚು ಕೂಡ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಗಂಟೆಯ ಮುಂದಿನ ಮತ್ತು ಹಿಂದಿನ ಮುಖಗಳು ಹೊರಗೆ ಉಬ್ಬಿದರೆ ಎರಡು ಪಕ್ಕಗಳು ಒಳಗೆ ಸರಿಯುತ್ತವೆ. ಮರುಕ್ಷಣ ಇದು ತಿರುಗುಮುರುಗು. ಹೀಗೆ ಸೆಕೆಂಡಿಗೆ ನೂರಾರು ಸಲ. ಇಷ್ಟೆಲ್ಲ ಕುಣಿತದ ನಡುವೆಯೂ ಅಂಚಿನ ಮೇಲೆ ನಾಲ್ಕು ಜಾಗಗಳು ಮಾತ್ರ ಒಳಗೂ ಹೊರಗೂ ಹೋಗದೆ ಸುಮ್ಮನಿರುತ್ತವೆ. ಇವನ್ನು ಅಲುಗದ ತಾಣಗಳು ಎನ್ನೋಣ.

ಗಂಟೆಗೆ ಗೊತ್ತಿರುವ ಕುಣಿತ ಇದೊಂದೇ ಅಲ್ಲ. ಇನ್ನೊಂದು ಕುಣಿತದಲ್ಲಿ ಈ ತಾಣಗಳು ಅದಲುಬದಲಾಗುತ್ತವೆ. ಮೊದಲನೆಯದರಲ್ಲಿ ಸುಮ್ಮನಿದ್ದ ಜಾಗಗಳು ಇಲ್ಲಿ ಜೋರಾಗಿ ಅಲುಗುತ್ತವೆ, ಅಲ್ಲಿ ಅಲುಗುತ್ತಿದ್ದವು ಇಲ್ಲಿ ಸುಮ್ಮನಾಗುತ್ತವೆ. ದುಂಡು ಗಂಟೆಯಲ್ಲಿ ಎರಡೂ ಕುಣಿತಗಳ ವೇಗ ಒಂದೇ. ಅದನ್ನು ಯಾವ ಕಡೆಯಿಂದ ನೋಡಿದರೂ ಒಂದೇ ಆಕಾರ ತಾನೇ? ಹಾಗಾಗಿ ಎಲ್ಲಿ ಹೊಡೆದರೂ ಒಂದೇ ಸ್ವರ. ಚಪ್ಪಟೆ ಗಂಟೆಯಲ್ಲಿ ಹಾಗಾಗುವುದಿಲ್ಲ. ಒಂದು ಕುಣಿತದಲ್ಲಿ ಏಣುಗಳೂ ಅಲುಗಬೇಕು, ಇನ್ನೊಂದರಲ್ಲಿ ಅವು ಅಲುಗದ ತಾಣಗಳು. ಆದ್ದರಿಂದ ಒಂದರ ವೇಗ ಕಡಿಮೆ, ಇನ್ನೊಂದರದು ಹೆಚ್ಚು. ವೇಗ ಹೆಚ್ಚಿದಷ್ಟೂ ಸ್ವರ ಏರುತ್ತದೆ.

ಮುಂದಿನ ಮುಖದ ಕೆಳಭಾಗದ ನಟ್ಟನಡುವೆ ಹೊಡೆದಿರಿ ಎನ್ನಿ. ಎರಡನೇ ಕುಣಿತಕ್ಕೆ ಅದು ಅಲುಗದ ತಾಣ. ಅಲ್ಲಿ ಎಷ್ಟು ಹೊಡೆದರೂ ಆ ಕುಣಿತ ಶುರುವಾಗುವುದೇ ಇಲ್ಲ. ಮೊದಲನೆಯದರ ಸ್ವರ ಮಾತ್ರ ಕೇಳುತ್ತದೆ. ಪಕ್ಕಕ್ಕೆ ಸರಿದು ಹೊಡೆದರೆ ಮೊದಲನೆಯದು ಮೌನ, ಎರಡನೆಯದು ಹಾಡುತ್ತದೆ. ನಡುವಿನ ಸ್ವರವನ್ನು ‘ಸ’ ಎಂದುಕೊಂಡರೆ ಪಕ್ಕದ್ದು ‘ಗ’. ಕೆಲವು ಗಂಟೆಗಳಲ್ಲಿ ಅದು ತುಸು ಇಳಿದ ‘ಗ’ (ಸಾಧಾರಣ ಗಾಂಧಾರ), ಕೆಲವುಗಳಲ್ಲಿ ತುಸು ಏರಿದ ‘ಗ’ (ಅಂತರ ಗಾಂಧಾರ). ನಿಮ್ಮ ಕಾಫಿ ಕಪ್ಪಿನಲ್ಲಿ ಈ ಏಣಿನ ಕೆಲಸವನ್ನು ಹಿಡಿ ಮಾಡಿತು. ಒಂದು ಕುಣಿತದಲ್ಲಿ ಹಿಡಿಯ ಭಾರವೂ ಜೊತೆಗೆ ಅಲುಗಬೇಕಾಗಿ ಸ್ವರ ಇಳಿಯಿತು. ಇನ್ನೊಂದರಲ್ಲಿ ಹಿಡಿ ಇರುವುದೇ ಅಲುಗದ ತಾಣದಲ್ಲಿ, ಅದರ ಭಾರ ಲೆಕ್ಕಕ್ಕೇ ಬರಲಿಲ್ಲ.

ಎರಡು ಸ್ವರ ಅಕಸ್ಮಾತ್ತಾಗಿ ಬಂದಿದ್ದರೆ? ಹಾಗೆ ಅನುಮಾನಪಟ್ಟ ವಿದ್ವಾಂಸರೂ ಇದ್ದರು. ಆದರೆ ಯಿ ಒಡೆಯನ ಗಂಟೆಗಳ ಮೇಲೆ ಎಲ್ಲಿ ಹೊಡೆಯಬೇಕೋ ಅಲ್ಲೇ ಆ ಸ್ವರದ ಹೆಸರನ್ನು ಬರೆದು, ಅಕ್ಷರಗಳಿಗೆ ಚಿನ್ನ ತುಂಬಿದ್ದರು. ಇನ್ನೆಲ್ಲಿಯ ಅನುಮಾನ? ಚೀನಾದ ಮೂಲ ಐದು ಸ್ವರಗಳು ಗೊಂಗ್, ಶಾಂಗ್, ಜುವೆ, ಝಿ, ಯೂ. ಸಂಗೀತ ಕಲಿಯುವ ಮಕ್ಕಳಿಗೆ ಇದು ಪರಿಚಿತ ಮೆಟ್ಟಿಲೇ: ಸ ರಿ ಗ ಪ ದ, ನಮ್ಮ ಮೋಹನ ರಾಗದ್ದು. ಬರಹ ಇಷ್ಟಕ್ಕೇ ಮುಗಿಯುವುದಿಲ್ಲ. ನಮ್ಮಲ್ಲಿ ಈ ಸ್ವರಕ್ಕೆ ಹೀಗೆನ್ನುತ್ತೇವೆ, ಪಕ್ಕದ ಚು ರಾಜ್ಯದಲ್ಲಿ ಹಾಗೆನ್ನುತ್ತಾರೆ ಎಂಬ ಮಾಹಿತಿಯೂ ಇದೆ. ಸಂಗೀತದ ಪಠ್ಯಪುಸ್ತಕವನ್ನೇ ಕಂಚಿನ ಮೇಲೆ ಬರೆದಿಟ್ಟಿದ್ದರು.

ಕಂಚು ಎಂದರೆ ತಾಮ್ರ ಮತ್ತು ತವರದ ಬೆರಕೆ. ತವರ ಹೆಚ್ಚಿದರೆ ಗಂಟೆ ಬಿರಿಯುತ್ತದೆ, ಕಡಿಮೆಯಾದರೆ ದನಿ ಮಂಕು. ಹದ ಸರಿಯಾಗಿ ಎರಕ ಹೊಯ್ದರೂ ಸ್ವರ ಒಂದೇ ಸಲಕ್ಕೆ ಕೂಡಿಬರುವುದಿಲ್ಲ. ಗಂಟೆಯ ಒಳಗೆ, ಬಾಯಿಯ ಹತ್ತಿರ, ಸ್ವಲ್ಪ ಸ್ವಲ್ಪವೇ ಉಜ್ಜಿ ಸವೆಸಿ ಶ್ರುತಿ ಮಾಡಬೇಕು. ಉಜ್ಜಿದ ಗುರುತುಗಳು ಇಂದಿಗೂ ಕಾಣುತ್ತವೆ. ಒಂದು ಸ್ವರ ಸರಿಮಾಡಲು ಹೋದರೆ ಇನ್ನೊಂದು ಕೆಡಬಹುದು. ಹೆಚ್ಚು ಉಜ್ಜಿದರೆ ಹೋದ ಕಂಚು ಮರಳಿ ಬರುವುದಿಲ್ಲ. ನನಗೆ ಇಡೀ ಕಥೆಯಲ್ಲಿ ದೊಡ್ಡ ಬೆರಗು ಈ ತಾಳ್ಮೆಯದು. ಅಂದಹಾಗೆ, ಚಿತ್ರಗಳಲ್ಲಿ ಕಾಣುವ ಹಸಿರು ಬಣ್ಣ ಅವರು ಬಳಿದದ್ದಲ್ಲ. ತಾಮ್ರ ಗಾಳಿ-ನೀರಿನ ಜೊತೆ ಸೇರಿ ಕಟ್ಟಿದ ಕಿಲುಬು ಅದು. ಹೊಸದರಲ್ಲಿ ಗಂಟೆಗಳು ಹೊಂಬಣ್ಣದಲ್ಲಿ ಹೊಳೆಯುತ್ತಿದ್ದವು.

ಆ ಕಾಲದಲ್ಲಿ ಗಂಟೆ ಬರೀ ವಾದ್ಯವಾಗಿರಲಿಲ್ಲ, ಒಡೆಯನ ಅಂತಸ್ತಿನ ಗುರುತೂ ಹೌದು. ಯಿಯಂಥ ಸಾಮಂತರಿಗೆಲ್ಲ ಚಕ್ರವರ್ತಿಗಳಾಗಿದ್ದ ಝೌ ರಾಜರ ಕಟ್ಟಳೆಯ ಪ್ರಕಾರ ಚಕ್ರವರ್ತಿಯಾದರೆ ಅರಮನೆಯ ನಾಲ್ಕೂ ಕಡೆ ತೂಗುವ ವಾದ್ಯಗಳನ್ನು ನಿಲ್ಲಿಸಬಹುದು, ಸಾಮಂತನಿಗೆ ಮೂರು ಕಡೆ ಮಾತ್ರ. ಯಿ ಈ ನಿಯಮ ಮುರಿಯಲಿಲ್ಲ: ಎರಡು ಕಡೆ ಗಂಟೆ, ಮೂರನೇ ಕಡೆ ಸ್ವರ ಹೊಮ್ಮಿಸುವ ಕಲ್ಲಿನ ಹಲಗೆಗಳು. ಆದರೆ ಪೂಜೆಯ ಕಂಚಿನ ಪಾತ್ರೆಗಳ ವಿಷಯದಲ್ಲಿ ಹಾಗಲ್ಲ. ಚಕ್ರವರ್ತಿಗೆ ಸಲ್ಲುವ ಒಂಬತ್ತರ ಲೆಕ್ಕವನ್ನೇ ಅವನು ಇಟ್ಟುಕೊಂಡಿದ್ದ!

ಕೆಳಸಾಲಿನ ನಡುವೆ, ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ, ಉಳಿದವುಗಳ ಗುಂಪಿಗೆ ಸೇರದ ಒಂದು ಗಂಟೆ ತೂಗುತ್ತದೆ. ಅದು ಚು ರಾಜ್ಯದ ದೊರೆ ಹುಯಿ ಕೊಟ್ಟ ಕಾಣಿಕೆ ಎಂದು ಅದರ ಮೇಲೇ ಬರೆದಿದೆ. ಅವನ ಆಳ್ವಿಕೆಯ 56ನೇ ವರ್ಷ ಎಂಬ ಉಲ್ಲೇಖವೂ ಇದೆ. ನಮ್ಮ ಲೆಕ್ಕದಲ್ಲಿ ಕ್ರಿ.ಪೂ. 433. ಸಮಾಧಿಯ ಕಾಲ ತಿಳಿದದ್ದು ಇದರಿಂದಲೇ. ಹುಯಿಯ ತಂದೆ ಶತ್ರುಗಳಿಂದ ತಪ್ಪಿಸಿಕೊಂಡು ಓಡಿದಾಗ ಆಸರೆ ಕೊಟ್ಟದ್ದು ಯಿಯ ಈ ಪುಟ್ಟ ಝೆಂಗ್ ರಾಜ್ಯ. ಕಾಣಿಕೆಯಲ್ಲಿ ಆ ಋಣವೂ ಇತ್ತು ಎಂದು ಹಲವು ಇತಿಹಾಸಕಾರರು ಊಹಿಸುತ್ತಾರೆ.

ಒಂದೇ ಗಂಟೆಯಿಂದ ಎರಡು ಸ್ವರ ಹೊರಡಿಸುವ ಇಂಥ ವಿದ್ಯೆ ಮುಂದೆ ಮರೆತೇಹೋಯಿತು. ಬೌದ್ಧ ವಿಹಾರಗಳಲ್ಲಿ ದುಂಡನೆಯ ದೊಡ್ಡ ಗಂಟೆಗಳು ಬಂದವು. ಅವುಗಳ ದನಿ ಬಹಳ ಹೊತ್ತು ನಿಲ್ಲುತ್ತದೆ. ಪ್ರಾರ್ಥನೆಗೆ ಅದು ಚೆನ್ನ, ಬೇಗಬೇಗ ಹಾಡು ನುಡಿಸಲು ಅಲ್ಲ. ಹಿಂದಿನ ಸ್ವರ ಅಡಗುವ ಮೊದಲೇ ಮುಂದಿನದು ಸೇರಿ ಎಲ್ಲ ಗೊಂದಲ. ಹನ್ನೊಂದನೇ ಶತಮಾನದಲ್ಲಿ ಶೆನ್ ಕುವೊ ಎಂಬ ಜಾಣ ಇದನ್ನು ಗಮನಿಸಿದ್ದ. ಹಳೆಯ ಗಂಟೆಗಳು ಎರಡು ಹೆಂಚು ಕೂಡಿಸಿದಂತೆ ಚಪ್ಪಟೆಯಾಗಿರುತ್ತಿದ್ದವು, ಚಪ್ಪಟೆ ಗಂಟೆಯ ಸದ್ದು ಬೇಗ ನಿಲ್ಲುತ್ತದೆ, ಇದು ತಿಳಿಯದೆ ಈಗಿನವರು ದುಂಡಗೆ ಎರಕ ಹೊಯ್ಯುತ್ತಾರೆ ಎಂದು ಅವನು ಬರೆದಿಟ್ಟ. ನಾನು ಮೇಲೆ ಹೇಳಿದ ಹೆಂಚಿನ ಹೋಲಿಕೆ ಅವನಿಂದ ಎರವಲು ತಂದದ್ದೇ.

1978ರಲ್ಲಿ ಅಗೆದು ತೆಗೆದ ಕೆಲವೇ ತಿಂಗಳಲ್ಲಿ ಈ ಗಂಟೆಗಳ ಮೇಲೆ ಒಂದು ಕಛೇರಿಯೇ ನಡೆಯಿತು. 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಮರಳಿದಾಗ ತಾನ್ ದುನ್ ರಚಿಸಿದ ಸಿಂಫನಿಯಲ್ಲೂ ಅವುಗಳ ದನಿ ಇತ್ತು. ಈಗ ಮೂಲ ಗಂಟೆಗಳನ್ನು ಯಾರೂ ಹೊಡೆಯುವುದಿಲ್ಲ. ಅವು ವೂಹಾನ್ ನಗರದಲ್ಲಿ ಹೂಬೇ ಪ್ರಾಂತ್ಯದ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿ ನುಡಿಸಿ ತೋರಿಸುವುದು ಅಳತೆ, ಆಕಾರ, ಸ್ವರ ಎಲ್ಲವನ್ನೂ ನೋಡಿ ಹೊಸದಾಗಿ ಎರಕ ಹೊಯ್ದ ಪ್ರತಿಗಳನ್ನು.