ಓದುವ ಮಕ್ಕಳ ಮನಸ್ಸು: ಬಳ್ಳಾರಿ ಕಲಿಸಿದ ಪಾಠ



ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಕೈಯಾರೆ ಜೀವ ಕಳೆದುಕೊಂಡರು. ಹಿಂದಿನ ವರ್ಷದ ಲೆಕ್ಕ 13,089. ಈ ಅಂಕಿಗಳನ್ನು ಓದಿದ ಮೇಲೆ ಬೇರೆ ವಿಷಯ ಎತ್ತಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಇಷ್ಟು ಮಕ್ಕಳ ಹಿಂದೆ, ಸಾಯುವ ಮಟ್ಟಕ್ಕೆ ಹೋಗದೆ ಒಳಗೊಳಗೇ ಕುಸಿಯುತ್ತಿರುವವರು ಎಷ್ಟೋ ಪಟ್ಟು ಇದ್ದಾರೆ. ಅವರ ಬಗ್ಗೆಯೇ ಇವತ್ತಿನ ಮಾತು.

ಅವರು ಹೊತ್ತ ಭಾರ ಅರ್ಥವಾಗಬೇಕಾದರೆ ಮೊದಲು ಇದನ್ನು ನೆನೆಯಬೇಕು: ನಮ್ಮ ಕಲಬುರಗಿ ಕಡೆ ಉನ್ನತ ಶಿಕ್ಷಣ ಬಂದದ್ದು ತಡವಾಗಿ. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇಲ್ಲಿ ತೆರೆಯಿತು. 1980ರಲ್ಲಿ ಅದು ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, ಅದರ ಕ್ಯಾಂಪಸ್ ಕಡಗಂಚಿಯಲ್ಲಿ ಎದ್ದಿತು. ಮುಂದೆ ಸಂವಿಧಾನದ 371(ಜೆ) ಕಲಂ ಈ ಭಾಗದವರಿಗೆ ಸೀಟು, ನೌಕರಿ ಎರಡಕ್ಕೂ ಬಾಗಿಲು ತೆರೆಯಿತು. ಕಮಲಾಪುರದ ಸುತ್ತಲಿನ ಹಳ್ಳಿಗಳಿಂದ ಎಂಎಸ್ಸಿ, ಎಂಕಾಂ ಓದಲು ಕಲಬುರಗಿಗೆ ಬರುವ ಎಷ್ಟೋ ಮಕ್ಕಳು ತಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಮನೆಯ ಸಾಲ, ತಂಗಿಯ ಮದುವೆ, ಅಪ್ಪನ ಆಸೆ ಎಲ್ಲವೂ ಒಂದೇ ಫಲಿತಾಂಶದ ಮೇಲೆ ನಿಂತಿರುತ್ತವೆ. ಅಲ್ಲಿಯವರೆಗೆ ಕನ್ನಡದಲ್ಲಿ ಓದಿದ ಹುಡುಗಿಗೆ ಪಾಠವೆಲ್ಲ ಒಮ್ಮೆಲೇ ಇಂಗ್ಲಿಷ್‌ನಲ್ಲಿ. ಸ್ಕಾಲರ್‌ಶಿಪ್ ತಡವಾದರೆ ರೂಮಿನ ಬಾಡಿಗೆ ಬಾಕಿ. ಇಷ್ಟು ಹೊತ್ತುಕೊಂಡ ಮಗು ಸೋತಾಗ ಅದು ಆ ಮಗುವಿನ ದೌರ್ಬಲ್ಯವೆಂದು ನಾನು ಒಪ್ಪಲಾರೆ.

ನಗರದಲ್ಲಿ ರೂಮು ಮಾಡಿ ಓದುವ ಮಕ್ಕಳಿಗೆ ಊರಿನಿಂದ ಮುಂಜಾನೆಯ ಬಸ್ಸಿಗೆ ಬುತ್ತಿ ಇಟ್ಟು ಕಳಿಸುವುದು ನಮ್ಮಲ್ಲಿ ರೂಢಿ. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಖಾಲಿ ಡಬ್ಬಿ ಸಂಜೆಯ ಬಸ್ಸಿಗೆ ಮರಳಿ ಬರಬೇಕು. ಒಮ್ಮೊಮ್ಮೆ ಅದು ತುಂಬಿಯೇ ಬರುತ್ತದೆ. ತಾಯಿ ಫೋನ್ ಹಚ್ಚುತ್ತಾಳೆ: “ಯಾಕೋ ತಮ್ಮಾ, ರೊಟ್ಟಿ ಹಂಗೇ ಬಂದಾವಲ್ಲ, ಉಂಡಿಲ್ಲೇನು?” ಆ ಕಡೆಯಿಂದ “ಹಸಿವಿರ್ಲಿಲ್ಲವ್ವ” ಎಂಬ ಉತ್ತರ. ಒಂದು ದಿನದ ಮಾತಾದರೆ ಬಿಡಬಹುದು. ಎರಡು ವಾರ ಹೀಗೇ ನಡೆದು, ಜೊತೆಗೆ ನಿದ್ದೆ ಹಾರಿ, ಗೆಳೆಯರ ಸಂಗ ಬೇಡವಾಗಿ, ಪುಸ್ತಕ ತೆರೆದರೆ ಒಂದು ಸಾಲೂ ತಲೆಗೆ ಹತ್ತದಿದ್ದರೆ ಅದನ್ನು ವೈದ್ಯರಿಗೆ ತೋರಿಸಬೇಕು. ಖಿನ್ನತೆಗೆ ಔಷಧವಿದೆ, ಮಾತಿನ ಚಿಕಿತ್ಸೆಯಿದೆ. ಔಷಧದ ಗುಣ ಕಾಣಲು ಕೆಲವು ವಾರ ಬೇಕಾಗುತ್ತದೆ. ಇದು ಗೊತ್ತಿಲ್ಲದೆ ಮೊದಲ ಹತ್ತು ದಿನದಲ್ಲೇ ಗುಳಿಗೆ ಬಿಟ್ಟವರು ಬಹಳ ಮಂದಿ.

ಆದರೆ ಆ ತಾಯಿ ಮಗನನ್ನು ಮೊದಲು ಕರೆದೊಯ್ಯುವುದು ಗಾಣಗಾಪುರಕ್ಕೆ, ಇಲ್ಲವೇ ಬಂದೇನವಾಜರ ದರ್ಗಾಕ್ಕೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಂಗೆಟ್ಟ ಕುಟುಂಬಕ್ಕೆ ಅಲ್ಲಿ ಯಾರೂ “ನಿನ್ನ ಮಗನಿಗೆ ಹುಚ್ಚೇ?” ಎಂದು ಕೇಳುವುದಿಲ್ಲ, ಚೀಟಿ ಬರೆಸಿ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ದೇವರಿಗೂ ಹೋಗಲಿ, ಡಾಕ್ಟರಿಗೂ ಹೋಗಲಿ. ಒಂದಕ್ಕಾಗಿ ಇನ್ನೊಂದನ್ನು ಬಿಡಿಸಬೇಕಾಗಿಲ್ಲ. ಡಾಕ್ಟರು ಮಾತ್ರ ದೇವರಷ್ಟೇ ಹತ್ತಿರದಲ್ಲಿ ಸಿಗಬೇಕು.

ಇದು ಆಗದ ಮಾತೇನಲ್ಲ, ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಆಗಿತ್ತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಒಂದು ಪ್ರಯೋಗ ನಡೆಸಿತು. ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ಕಾಲ ಅದು. ಅವರಿಗಾಗಿ ಕಾಯುತ್ತ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟರು. ಮನೆಮನೆಗೆ ಹೋಗುವ ಆರೋಗ್ಯ ಸಹಾಯಕರಿಗೆ ಲಕ್ಷಣ ಗುರುತಿಸುವುದನ್ನು ಕಲಿಸಿದರು. ಅಗತ್ಯದ ಕೆಲವೇ ಔಷಧಗಳನ್ನು ಅಲ್ಲೇ ಇಟ್ಟರು. ಜ್ವರಕ್ಕೆ ಬರುವ ಬಾಗಿಲಿಗೇ ಮನಸ್ಸಿನ ಕಾಯಿಲೆಯವರೂ ಬಂದರು. ದೇಶ 1996ರಲ್ಲಿ ಶುರುಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಇದೇ ಬಳ್ಳಾರಿ. ದೇಶಕ್ಕೆ ಪಾಠ ಹೇಳಿದ ಈ ಸೀಮೆಯ ಕಾಲೇಜುಗಳಿಗೇ ಆ ಪಾಠ ಪೂರ್ತಿ ಮುಟ್ಟಲಿಲ್ಲವೆಂಬುದು ನನಗಿರುವ ನೋವು.

ಕಾಲೇಜಿನ ಮಟ್ಟಿಗೆ ಆರೋಗ್ಯ ಸಹಾಯಕರ ಜಾಗದಲ್ಲಿ ಇರುವವರು ಹಾಸ್ಟೆಲ್ ವಾರ್ಡನ್, ಗ್ರಂಥಾಲಯದ ಸಿಬ್ಬಂದಿ, ಮೆಸ್ಸಿನಲ್ಲಿ ಬಡಿಸುವವರು. ಯಾವ ಹುಡುಗ ಮೂರು ದಿನದಿಂದ ಊಟಕ್ಕಿಳಿದಿಲ್ಲ ಎಂಬುದು ಪ್ರಾಧ್ಯಾಪಕರಿಗಿಂತ ಮೊದಲು ಗೊತ್ತಾಗುವುದು ಅವರಿಗೆ. ಅವರಿಗೆ ತರಬೇತಿ ಕೊಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂಬ ಹೆದರಿಕೆ ಅವರಲ್ಲಿದ್ದರೆ ಅದು ತಪ್ಪೆಂದು ತಿಳಿಸಿ. ಮೆತ್ತಗೆ ಕೇಳಿದರೆ ಮಗುವಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹಾಗೆ ಹೇಳಿಕೊಂಡವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸರ್ಕಾರದ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪೊಲೀಸ್ ಕೇಸಿನ ಭಯವೂ ಬೇಡ: ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಕಾಣಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ತರಬೇತಿ ಪಡೆದ ಆಪ್ತಸಮಾಲೋಚಕರು ಇರಲೇಬೇಕೆಂದು ಹೇಳಿದೆ. ಆ ಹುದ್ದೆಯನ್ನು ಬೇರೆ ವಿಷಯದ ಅಧ್ಯಾಪಕರಿಗೆ ಹೆಚ್ಚುವರಿ ಹೊಣೆಯಾಗಿ ಅಂಟಿಸಿ ಕೈತೊಳೆದುಕೊಳ್ಳಬಾರದು. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಆದರೆ ಮಂಗಳವಾರ ಕ್ಲಾಸೂ ಇರುತ್ತದೆ, ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆದ್ದರಿಂದ ಇಲ್ಲಿರುವ ಪ್ರಾಂಶುಪಾಲರಲ್ಲಿ, ಕುಲಸಚಿವರಲ್ಲಿ ನನ್ನ ಬೇಡಿಕೆ ಒಂದೇ. ಕಮಲಾಪುರದ ಕಡೆಯ ಹುಡುಗಿ ಡಾಕ್ಟರನ್ನು ಕಂಡು ಬಂದ ದಿನದ ಹಾಜರಿಯನ್ನು ಅವಳಿಗೆ ಕೊಡಿ. ಆಸ್ಪತ್ರೆಯ ಚೀಟಿ ನೋಡಿದರೆ ಸಾಕು, ಯಾವ ವಿಭಾಗಕ್ಕೆ ಹೋಗಿದ್ದೆ ಎಂದು ಕೇಳಬೇಡಿ.