ರೈತನಿಗೆ ಕಾರ್ಖಾನೆಯಲ್ಲಿ ಸಿದ್ಧವಾದ ಮನೆ
(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಒಕ್ಕಲುತನದ ಮನೆಗಳಿಗೆ ಹೆಚ್ಚು ಅನ್ವಯಿಸುತ್ತದೆ. ಪಟ್ಟಣದ ನೌಕರ ಯಾವ ತಿಂಗಳಲ್ಲಾದರೂ ಮನೆ ಕಟ್ಟಿಸಬಹುದು. ರೈತನಿಗೆ ಹಾಗಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದಲ್ಲಿ ಮೆಣಸಿನಕಾಯಿ, ಹತ್ತಿ ಮಾರಿ ಕೈಗೆ ಹಣ ಬರುವುದು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ. ಜೂನ್ ಬಂದಿತೆಂದರೆ ಬಿತ್ತನೆ. ನಡುವಿನ ಮೂರು ತಿಂಗಳೇ ಅವನಿಗೆ ಮನೆ ಕಟ್ಟುವ ಕಾಲ.

ಇಟ್ಟಿಗೆ, ಸಿಮೆಂಟಿನ ಮನೆ ಅಷ್ಟರಲ್ಲಿ ಮುಗಿಯುವುದು ವಿರಳ. ಗೌಂಡಿಗಳು ಸಿಗುವುದಿಲ್ಲ; ಬೇಸಿಗೆಯಲ್ಲಿ ನೀರಿನ ಕೊರತೆ. ಗೋಡೆ ಎದ್ದು ಚಾವಣಿ ಆಗುವ ಮೊದಲೇ ಮಳೆ ಹಿಡಿಯುತ್ತದೆ. ಬೀಜ, ಗೊಬ್ಬರಕ್ಕೆಂದು ಇಟ್ಟ ಹಣವೂ ಗೋಡೆಯಲ್ಲಿ ಸೇರಿಹೋಗುತ್ತದೆ. ಸಂಸಾರ ಮಾತ್ರ ಇನ್ನೊಂದು ಮಳೆಗಾಲ ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲೇ ಕಳೆಯಬೇಕು. 2019ರ ಆಗಸ್ಟ್‌ನಲ್ಲಿ ವರದಾ, ತುಂಗಭದ್ರಾ ನದಿಗಳು ಉಕ್ಕಿದಾಗ ಜಿಲ್ಲೆಯಲ್ಲಿ ನೆನೆದ ಮಣ್ಣಿನ ಗೋಡೆಗಳಿಗೆ ಏನಾಯಿತೆಂಬುದು ಎಲ್ಲರಿಗೂ ಗೊತ್ತಿದೆ.

ಈ ತೊಂದರೆಗೆ ಒಂದು ಪರಿಹಾರವೆಂದರೆ ಕಾರ್ಖಾನೆಯಲ್ಲಿ ಸಿದ್ಧವಾದ ಮನೆ. ಕಂಬ, ತೊಲೆ, ಗೋಡೆ, ಚಾವಣಿಗಳನ್ನು ಕಾರ್ಖಾನೆಯಲ್ಲಿ ಅಳತೆಗೆ ತಯಾರಿಸಿ, ಲಾರಿಯಲ್ಲಿ ತಂದು ಜೋಡಿಸುತ್ತಾರೆ. ಬಡಿಗರು ಕಂಬ, ತೊಲೆಗಳನ್ನು ಮೊದಲೇ ಸಿದ್ಧಪಡಿಸಿ ಅಂಕಣದ ಲೆಕ್ಕದಲ್ಲಿ ಮನೆ ನಿಲ್ಲಿಸುತ್ತಿದ್ದುದೂ ಹೆಚ್ಚು ಕಡಿಮೆ ಇದೇ ರೀತಿ. ಅಮೆರಿಕೆಯ ಸಿಯರ್ಸ್ ಕಂಪನಿ 1908ರಿಂದ 1940ರವರೆಗೆ ಮನೆಯ ಸಾಮಗ್ರಿಯನ್ನು ರೈಲಿನಲ್ಲಿ ಕಳಿಸಿ ಮಾರಿತು. ದೇಶ ವಿಭಜನೆಯ ನಂತರ ನಿರಾಶ್ರಿತರ ವಸತಿಗಾಗಿ 1948ರಲ್ಲಿ ದೆಹಲಿಯಲ್ಲಿ ಸರ್ಕಾರವೇ ಮನೆ ಕಾರ್ಖಾನೆ ತೆರೆಯಿತು. 2022ರಲ್ಲಿ ಚೆನ್ನೈನಲ್ಲಿ 1,152 ಮನೆಗಳು ಇಂಥ ಸಿದ್ಧ ಕಾಂಕ್ರೀಟ್ ಭಾಗಗಳಿಂದಲೇ ಪೂರ್ಣಗೊಂಡವು.

ಅನುಕೂಲತೆಗಳು

1. ಕಾಲದ ಉಳಿತಾಯ: ಹೊಲದಲ್ಲಿ ಬುನಾದಿ ಹಾಕುತ್ತಿರುವಾಗಲೇ ಕಾರ್ಖಾನೆಯಲ್ಲಿ ಗೋಡೆ ತಯಾರಾಗುತ್ತದೆ. ಸ್ಥಳದಲ್ಲಿ ಹಾಕಿದ ಕಾಂಕ್ರೀಟು ನಿಗದಿತ ಬಲ ಪಡೆಯಲು 28 ದಿನ ಬೇಕು. ಕಾರ್ಖಾನೆಯಲ್ಲಿ ಹಬೆ ಕೊಟ್ಟು ಅದನ್ನು ಬೇಗ ಗಟ್ಟಿಗೊಳಿಸಬಹುದು. ಮಾರ್ಚ್‌ನಲ್ಲಿ ಆರಂಭಿಸಿದ ಚಿಕ್ಕ ಮನೆಗೆ ರೋಹಿಣಿ ಮಳೆಗೆ ಮೊದಲು ಚಾವಣಿ ಬೀಳುವಂತೆ ಯೋಜಿಸಬಹುದು.

2. ಖರ್ಚಿನ ಖಚಿತತೆ: ಬೆಲೆ ಮೊದಲೇ ಗೊತ್ತಿರುವುದರಿಂದ ಬಿತ್ತನೆಯ ಹಣವನ್ನು ಬೇರೆ ಇಡಲು ಸಾಧ್ಯ. ಕೆಲವು ಸಲ ಚದರಡಿಯ ದರ ಇಟ್ಟಿಗೆ ಮನೆಗಿಂತ ಹೆಚ್ಚಿರಬಹುದು. ಕೆಲಸ ಎಳೆದಾಡುವುದರಿಂದ ಆಗುವ ನಷ್ಟವನ್ನೂ ಸೇರಿಸಿ ಲೆಕ್ಕ ಹಾಕಬೇಕು.

3. ನೀರಿನ ಉಳಿತಾಯ: ಕೊಳವೆ ಬಾವಿ ಇಳಿದಿರುವ ಏಪ್ರಿಲ್‌ನಲ್ಲಿ ದಿನವೂ ಗೋಡೆಗೆ ನೀರು ಹೊಡೆಯುವ ಕೆಲಸ ಬಹುಮಟ್ಟಿಗೆ ತಪ್ಪುತ್ತದೆ.

4. ವಿಸ್ತರಣೆ: ಉಕ್ಕಿನ ಚೌಕಟ್ಟಿಗೆ ಬೋಲ್ಟ್ ಹಾಕಿ ಜೋಡಿಸಿದ ಮನೆಗೆ ಮುಂದಿನ ಸುಗ್ಗಿಯಲ್ಲಿ ಇನ್ನೊಂದು ಅಂಕಣ ಸೇರಿಸಬಹುದು, ಅಗತ್ಯವಾದರೆ ಬಿಚ್ಚಿ ಬೇರೆಡೆ ನಿಲ್ಲಿಸಬಹುದು.

ಗಮನಿಸಬೇಕಾದ ಅಂಶಗಳು

ಮನೆ ಕಾರ್ಖಾನೆಯದಾದರೂ ಬುನಾದಿ ಹೊಲದ್ದೇ. ಮಸಾರಿ ಭೂಮಿಯಲ್ಲಿ ತೊಂದರೆ ಕಡಿಮೆ. ಎರೆ ಭೂಮಿ ಮಾತ್ರ ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಹಗುರ ಮನೆಗೆ ಹಗುರ ಬುನಾದಿ ಸಾಕೆಂಬುದು ತಪ್ಪು ತಿಳಿವಳಿಕೆ. ಉಬ್ಬುವ ಮಣ್ಣು ಭಾರದ ಮನೆಗಿಂತ ಹಗುರ ಮನೆಯನ್ನೇ ಸುಲಭವಾಗಿ ಎತ್ತುತ್ತದೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ, ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬದ ಬುನಾದಿಯನ್ನು ರೂಪಿಸಿದೆ. ಆಳವಾದ ಎರೆಯಲ್ಲಿ ಇದನ್ನು ಸಾಮಾನ್ಯವಾಗಿ 3.5 ಮೀಟರ್‌ವರೆಗೆ ಇಳಿಸುತ್ತಾರೆ. ಮಣ್ಣು ನೋಡಿ ಆಳ ನಿರ್ಧರಿಸಲು ಎಂಜಿನಿಯರರ ಸಲಹೆ ಅಗತ್ಯ. ಚಾವಣಿಯ ನೀರು ಬುನಾದಿಯ ಬದಿಯಲ್ಲಿ ನಿಲ್ಲದಂತೆ ಕಾಲುವೆ ಮಾಡಬೇಕು.

ಬರೀ ತಗಡಿನ ಚಾವಣಿ ಏಪ್ರಿಲ್ ಬಿಸಿಲಿಗೆ ಕುಲುಮೆಯಾಗುತ್ತದೆ. ಶಾಖ ತಡೆಯುವ ಪದರವಿರುವ ಚಾವಣಿ ಹಾಗೂ ಎರಡು, ಮೂರು ಅಡಿ ಹೊರಚಾಚಿದ ಸೂರು ಇರಬೇಕು. ಬಿರುಗಾಳಿಗೆ ಹಾರದಂತೆ ಚೌಕಟ್ಟನ್ನು ಬುನಾದಿಗೆ ಬೋಲ್ಟ್‌ಗಳಿಂದ ಬಿಗಿಯಬೇಕು. ಗಂಜಲ, ಸೆಗಣಿಯಿಂದ ಉಕ್ಕು ಬೇಗ ತುಕ್ಕು ಹಿಡಿಯುವುದರಿಂದ ದನದ ಕೊಟ್ಟಿಗೆ ಬೇರೆಯೇ ಇರಲಿ. ಭಾರದ ಕಾಂಕ್ರೀಟ್ ಭಾಗ ತರಿಸುವುದಾದರೆ ಲಾರಿ, ಕ್ರೇನ್ ಹೊಲದ ದಾರಿಯಲ್ಲಿ ಬರಬಲ್ಲವೇ ಎಂದು ಮೊದಲೇ ನೋಡಬೇಕು.

ಗ್ರಾಮ ಪಂಚಾಯತಿಯ ಪರವಾನಗಿ ಪಡೆಯದೆ ಮುಂಗಡ ಕೊಡಬಾರದು. ಸಾಗಾಣಿಕೆ, ಬುನಾದಿ, ಜೋಡಣೆ ಯಾರ ಖರ್ಚೆಂಬುದು ಕರಾರುಪತ್ರದಲ್ಲಿರಬೇಕು. ಹಣವನ್ನು ಕೆಲಸಕ್ಕೆ ತಕ್ಕಂತೆ ಕಂತುಗಳಲ್ಲಿ ಕೊಟ್ಟು, ಕೊನೆಯ ಕಂತನ್ನು ಜೋಡಣೆ ಮುಗಿದ ಮೇಲೆ ಕೊಡುವುದು ಒಳ್ಳೆಯದು.

ಮೊಳಕೆ ಪರೀಕ್ಷೆ ಮಾಡದೆ ಜಾಣ ರೈತ ಬಿತ್ತುವುದಿಲ್ಲ. ಹಾಗೆಯೇ ಅದೇ ತಯಾರಕರು ಎರೆ ಭೂಮಿಯಲ್ಲಿ ನಿಲ್ಲಿಸಿದ, ಒಂದು ಬೇಸಿಗೆ, ಒಂದು ಮಳೆಗಾಲ ಕಂಡ ಮನೆಯನ್ನು ಹೋಗಿ ನೋಡಬೇಕು. ಅದರಲ್ಲಿ ವಾಸಿಸುವ ಹೆಣ್ಣುಮಕ್ಕಳನ್ನು ವಿಚಾರಿಸಬೇಕು. ಆ ನಂತರ ಕೊಂಡ ಮನೆ, ಬಿತ್ತನೆಯನ್ನು ಕೆಡಿಸದೆ, ಬರುವ ಮಳೆಗಾಲಕ್ಕೆ ಸಂಸಾರಕ್ಕೆ ಆಸರೆಯಾದೀತು.