ಜಲದಾಸೋಹ



ಬಾಲ್ಯದಲ್ಲಿ ನಾವು ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದೆವು. ಅದರಲ್ಲಿ ನೀರಿಗೆ ಹೇಳಿರುವ ಹೆಸರುಗಳಲ್ಲಿ ‘ಜೀವನ’ ಎಂಬುದೂ ಒಂದು. ಆಗ ಅದು ಬರಿಯ ಶಬ್ದ. ಅರ್ಥ ತಿಳಿದದ್ದು 2016ರ ಬರದಲ್ಲಿ. ಭಾಲ್ಕಿ, ಔರಾದಗಳಿಗೆ ನೆರೆಯದಾದ ಲಾತೂರಿಗೆ ಆ ವರ್ಷ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು.

ಬೀದರದ ನೆಲದೊಳಗೆ ಒಂದು ದಾಸೋಹವಿದೆ. 15ನೆಯ ಶತಮಾನದಲ್ಲಿ ಬಹಮನಿ ಅರಸರ ಕಾಲಕ್ಕೆ ತೋಡಿದ ನೌಬಾದದ ಸುರಂಗ ಬಾವಿ ಅದು. ಮೇಲೆ ಜಂಬಿಟ್ಟಿಗೆಯ ಕೆಂಪು ಕಲ್ಲು, ಕೆಳಗೆ ಗಟ್ಟಿಯಾದ ಕಪ್ಪು ಕಲ್ಲು. ಮಳೆಯ ನೀರು ಕೆಂಪು ಕಲ್ಲಿನಲ್ಲಿ ಇಂಗಿ, ಕಪ್ಪು ಕಲ್ಲಿನ ಮೇಲೆ ನಿಲ್ಲುತ್ತದೆ. ಆ ನೀರನ್ನು ಇಳಿಜಾರಾದ ಸುರಂಗದಲ್ಲಿ ಮೂರು ಕಿಲೋಮೀಟರಿನಷ್ಟು ದೂರ ಹರಿಸಿದರು. ಎತ್ತಿಲ್ಲ, ಯಂತ್ರವಿಲ್ಲ, ನೀರು ತಾನೇ ನಡೆದು ಬರುತ್ತಿತ್ತು. ನಾವು ಅದನ್ನು ಮರೆತೆವು. ಗಾಳಿಕಿಂಡಿಗಳಿಗೆ ಕಸ ತುಂಬಿದೆವು.

2012ರ ಸುಮಾರಿಗೆ ಕೇರಳದ ಚಿತ್ತೂರು ಸರ್ಕಾರಿ ಕಾಲೇಜಿನ ಭೂಗೋಳದ ಅಧ್ಯಾಪಕರಾದ ಡಾ. ವಿ. ಗೋವಿಂದನಕುಟ್ಟಿಯವರು ಇಲ್ಲಿಗೆ ಬಂದು ಆ ಸುರಂಗದ ಜಾಡು ಹಿಡಿದರು, ನಕ್ಷೆ ಬರೆದರು. ವಿದ್ವಾಂಸರು ನಕ್ಷೆ ಬರೆದು ಹೊರಟುಹೋಗುವುದುಂಟು. ಇವರು ಹಾಗೆ ಮಾಡಲಿಲ್ಲ. ಊರಿನ ತರುಣರನ್ನು ಜೊತೆಗೆ ಕರೆದುಕೊಂಡರು. ನೆಲವನ್ನು ನೋಡುವ ಕಣ್ಣು ಕೊಟ್ಟರು. ಮುಂದೆ ಜಿಲ್ಲಾಡಳಿತವೂ ಕೈಗೂಡಿಸಿ ಹೂಳು ತೆಗೆಸಿತು. ಕತ್ತಲಲ್ಲಿ ನೀರು ಮತ್ತೆ ಕಂಡಿತು. ಬರದ ವರ್ಷ ನಗರದ ತರುಣರು ಹಳೆಯ ಬಾವಿಗಳಿಗೂ ಇಳಿದು ಕಸ ತೆಗೆದರು. ಜ್ಞಾನವು ಕಾಯಕವಾದುದೆಂದರೆ ಇದೇ.

ಇಲ್ಲಿ ಒಂದು ಎಚ್ಚರ ಬೇಕು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ತೋಡಿಸುತ್ತಿದ್ದಾಗ ಅಲ್ಲಮಪ್ರಭುಗಳು ಬಂದು ಅವರನ್ನು ಕೆಣಕಿದ ಕಥೆ ನಿಮಗೆ ಗೊತ್ತು. ಪ್ರಭುಗಳು ಕೆರೆಯನ್ನು ಹಳಿಯಲಿಲ್ಲ. ‘ನಾನು ಮಾಡಿಸಿದೆ’ ಎಂಬುದನ್ನು ಹಳಿದರು. ಹೂಳು ಸುರಂಗದಲ್ಲಿ ಮಾತ್ರ ತುಂಬುವುದಿಲ್ಲ.

ಈಗ ನಾವು ಹೊಲಕ್ಕೊಂದು, ಮನೆಗೊಂದು ಕೊಳವೆಬಾವಿ ಕೊರೆಯುತ್ತೇವೆ. ಪಕ್ಕದವನು ಮುನ್ನೂರು ಅಡಿ ಹೋದರೆ ನಾವು ಐದುನೂರು ಅಡಿ. ಒಬ್ಬನ ಬಾವಿಗೆ ನೀರು ಬಂದರೆ ಇನ್ನೊಬ್ಬನ ಬಾವಿ ಬತ್ತುತ್ತದೆ. ಕೂಡಿ ಉಂಡರೆ ದಾಸೋಹ. ಬಾಗಿಲು ಹಾಕಿಕೊಂಡು ಉಂಡರೆ ಅದು ಬರಿಯ ಊಟ.

ಔರಾದಿನಿಂದ ಬಂದ ಭಕ್ತರು ಕೇಳಬಹುದು: ನಮ್ಮದು ಎರೆಭೂಮಿ, ಸುರಂಗ ಎಲ್ಲಿ ತೋಡೋಣ, ಅಪ್ಪಾವರೇ? ಬೀದರದ ಉಪಾಯ ನಿಮ್ಮ ನೆಲಕ್ಕೆ ಹಾಗೆಯೇ ಒಪ್ಪಲಿಕ್ಕಿಲ್ಲ. ಆದರೆ ನಿಮ್ಮಲ್ಲಿ ಬದುವಿದೆ, ಹಳ್ಳವಿದೆ, ಹಿರಿಯರು ಕಟ್ಟಿದ ಬಾವಿಯಿದೆ. ನಿಮ್ಮ ನೆಲವನ್ನು ನೀವು ಓದಿರಿ.

ಪರರಿಗೆ ಹೇಳುವ ಮೊದಲು ನಮ್ಮ ತಪ್ಪನ್ನೂ ಹೇಳಬೇಕು. ಮಠದ ಹಿಂದಿನ ಹಳೆಯ ಬಾವಿಗೆ ನಾವೇ ಪೂಜೆಯ ಹೂವು, ಪತ್ರಿ, ಹರಿದ ಬಟ್ಟೆ ಹಾಕಿಸಿದ್ದೇವೆ. ನಿತ್ಯ ಪಾದೋದಕ ಸ್ವೀಕರಿಸುವವರು ನೀರಿನ ಮೂಲವನ್ನೇ ತಿಪ್ಪೆ ಮಾಡಿದೆವು. ಬರುವ ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ಮೊದಲ ಬುಟ್ಟಿ ಕಸವನ್ನು ನಾವೇ ಹೊರುತ್ತೇವೆ. ಬರುವವರು ಬನ್ನಿರಿ, ಕಾಣಿಕೆ ತರಬೇಡಿ, ಬುಟ್ಟಿ ತನ್ನಿರಿ.